ಟವೆಲ್ ಹಾಕಿದ್ದರೂ ಸೀಟು ಕೊಡದ ಸರ್ವರ್ ಅವರಿಗೆ

ಇವರಿಗೆ,
ಮಾನ್ಯ ಸರ್ವರ್ ಅವರು,
ಅರಳಿಕಟ್ಟೆ ಸಮುದಾಯ ಭವನದ ಬುಕಿಂಗ್ ಆಪ್ ನಡೆಸುವವರು,
ಎಲ್ಲಿದ್ದೀರೋ ಅಲ್ಲಿಗೆ.

ವಿಷಯ: ಮೊದಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ, ಆಮೇಲೆ ಬಂದವರನ್ನು ಒಳಗೆ ಕೂರಿಸಿದ ಬಗ್ಗೆ.

ಮಾನ್ಯರೇ,

ಹೊಳವನಹಳ್ಳಿಯ ದಿನಸಿ ಅಂಗಡಿಯ ಕಮಲಾಕ್ಷಮ್ಮ ತಮಗೆ ಮಾಡುವ ಅನಂತ ನಮಸ್ಕಾರಗಳು. ತಾವು ಈಗ ಮಲಗಿದ್ದಲ್ಲಿ, ಈ ನಮಸ್ಕಾರಗಳನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು, ಎದ್ದು ಮುಖ ತೊಳೆದ ಮೇಲೆ ನಿಧಾನವಾಗಿ ಸ್ವೀಕರಿಸಬೇಕೆಂದು ಪ್ರಾರ್ಥನೆ. ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮ ವಿಚಾರಿಸೋಣವೆಂದು ಹಲವು ಬಾರಿ ಗುಂಡಿ ಒತ್ತಿ ನೋಡಿದೆ, ಬಿಳಿ ಪರದೆಯ ಮೇಲೆ ನೀಲಿ ಚಕ್ರವೊಂದು ತಿರುಗಿತೇ ಹೊರತು ತಮ್ಮಿಂದ ಉತ್ತರ ಬರಲಿಲ್ಲವಾದ್ದರಿಂದ, ಕ್ಷೇಮವಾಗಿ ನಿದ್ರಿಸುತ್ತಿದ್ದೀರಿ ಎಂದೇ ಭಾವಿಸಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ತಮ್ಮ ಪರಿಚಯ ಮಾಡಿಸಿದವರು ಕೊರಟಗೆರೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿರುವ ಅಂಜನ್ ಕುಮಾರ್. ನಮ್ಮ ಭವನಕ್ಕೆ ಆಪ್ ಮಾಡಿಕೊಟ್ಟವರೂ ಅವರೇ. ತಮ್ಮನ್ನು 'ಸರ್ವರ್‌ಲೆಸ್' ಎಂದು ಕರೆಯುತ್ತಾರಂತೆ, ಅಂದರೆ ಸರ್ವರ್ ಇಲ್ಲ ಎಂದರ್ಥವಂತೆ, ಆದರೆ ಸರ್ವರ್ ಎಲ್ಲೋ ಇದ್ದೇ ಇರುತ್ತದಂತೆ, ಬೇರೆಯವರ ಮನೆಯಲ್ಲಿ ಬಾಡಿಗೆಗೆ ಇರುತ್ತದಂತೆ, ಯಾರಾದರೂ ಕರೆದಾಗ ಮಾತ್ರ ಎದ್ದು ಕೆಲಸ ಮಾಡಿ, ಯಾರೂ ಕರೆಯದಿದ್ದರೆ ಮತ್ತೆ ಮಲಗಿಬಿಡುತ್ತದಂತೆ. ಇಷ್ಟು ಸುಖದ ನೌಕರಿ ಲೋಕದಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮದುವೆಯಾಗಿ ಬಂದ ಹೊಸದರಲ್ಲೇ ನಾನೂ ಅರ್ಜಿ ಹಾಕಿಕೊಳ್ಳುತ್ತಿದ್ದೆ.

ತಮಗಿಂತ ಮುಂಚೆ ಭವನದ ಬುಕಿಂಗ್ ನೋಡಿಕೊಳ್ಳುತ್ತಿದ್ದವರು ಭವನದ ವಾಚ್‌ಮನ್. ಎಲೆ ಅಡಿಕೆ ಮುಂದಿಟ್ಟು ತಾರೀಖು ಹೇಳಿದರೆ ಅದು ನಮ್ಮದು. ಅವರೂ ತಮ್ಮ ಹಾಗೆ ನಿದ್ರಾಪ್ರಿಯರೇ, ಜಗಲಿಯ ಮೇಲೆ ಮುಖಕ್ಕೆ ಟವೆಲ್ ಹೊದ್ದು ಮಲಗಿರುತ್ತಿದ್ದರು. ಆದರೆ ಕೆಳಗೆ ನಿಂತು ಒಂದು ಸಲ ಕೆಮ್ಮಿದರೆ ಎದ್ದು ಕೂರುತ್ತಿದ್ದರು. ತಮ್ಮ ವಿಷಯದಲ್ಲಿ ಎಲ್ಲಿ ನಿಂತು ಕೆಮ್ಮಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ನಾನು ಫೋನಿನ ಹತ್ತಿರ ಬಾಯಿಟ್ಟು ಕೆಮ್ಮಿ ನೋಡಿದೆ, ನಮ್ಮೆಜಮಾನರು ಕಷಾಯ ಮಾಡಿಕೊಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಚೈತ್ರಳ ಮದುವೆ, ಪಾವಗಡ ಕಡೆಯ ಕ್ಯಾತಗಾನಚೆರ್ಲುವಿನ ಸೋಲಾರ್ ಪಾರ್ಕಿನಲ್ಲಿ ಟೆಕ್ನೀಷಿಯನ್ ಆಗಿರುವ ಚಿರಂಜೀವಿ ಎಂಬ ಹುಡುಗನ ಜೊತೆ ನಿಶ್ಚಯವಾಗಿತ್ತು. ಆಷಾಢಕ್ಕೆ ಮುಂಚೆ ಉಳಿದಿದ್ದದ್ದು ಒಂದೇ ಮುಹೂರ್ತ, ಅದು ತಪ್ಪಿದರೆ ಹುಡುಗನ ಜಾತಕದ ಪ್ರಕಾರ ಮಾಘದವರೆಗೆ ಕಾಯಬೇಕು. ಮಧುಗಿರಿಯಲ್ಲಿ ಛತ್ರಗಳಿಲ್ಲವೇ, ಕೊರಟಗೆರೆಯಲ್ಲಿ ಇಲ್ಲವೇ ಎಂದು ತಾವು ಕೇಳಬಹುದು. ಇವೆ. ಆದರೆ ಅಲ್ಲಿಗೆ ನಮ್ಮತ್ತೆ ಬರಲಾರರು. ಅವರ ಎರಡು ಮಂಡಿಗಳೂ ಕೈಕೊಟ್ಟಿವೆ, ಕಾರು ಹತ್ತಲಾರರು, ಹತ್ತಿಸಿದರೆ ಇಳಿಯಲಾರರು. ಭವನ ನಮ್ಮ ಮನೆಯ ಎದುರಿಗೇ ಇದೆ, ರಸ್ತೆ ದಾಟಿದರೆ ಮಂಟಪ. ಮೊಮ್ಮಗಳ ತಲೆಯ ಮೇಲೆ ಅಕ್ಷತೆ ಹಾಕಬೇಕೆಂಬುದೊಂದೇ ಅವರ ಆಸೆ. ಮಾಘದವರೆಗೆ ಮುಂದೆ ಹಾಕೋಣವೇ ಎಂದರೆ "ಅಲ್ಲೀಗಂಟ ನಾನ್ ಇರ್ಬೇಕಲ್ಲ ಕಣೆ, ಇಲ್ದಿದ್ರೆ ಫೋಟೋಗೆ ಹಾರ ಹಾಕ್ಕಂಡು ಕುಂಡ್ರುಸ್ತೀರಾ?" ಎಂದರು. ನಗುತ್ತಲೇ ಹೇಳಿದರು, ನನಗೆ ಮಾತ್ರ ನಗು ಬರಲಿಲ್ಲ. ನನ್ನ ಅತ್ತೆ ನನ್ನನ್ನು ಸೊಸೆಯಂತೆ ನೋಡಿದ್ದಕ್ಕಿಂತ ಹೆಚ್ಚಾಗಿ ಜಗಳದ ಜೊತೆಗಾತಿಯಂತೆ ನೋಡಿದವರು, ಅವರಿಲ್ಲದೆ ಆ ಮದುವೆ ನನಗೆ ಬೇಡವಾಗಿತ್ತು.

ಆ ಸಾಲಿನ ತಾರೀಖುಗಳು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಪ್‌ನಲ್ಲಿ ತೆರೆದುಕೊಳ್ಳುತ್ತವೆ, ಮೊದಲು ಒತ್ತಿದವರಿಗೆ ಮೊದಲ ಹಕ್ಕು ಎಂದು ಭವನದ ಸಮಿತಿಯವರು ಬೋರ್ಡು ಹಾಕಿದ್ದರು. ಇಲ್ಲಿ ತಮಗೆ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಸುತ್ತಿನಲ್ಲಿಲ್ಲ. ನಾನು ಎಸೆದ ಟವೆಲ್ ಡ್ರೈವರ್ ಹಿಂದಿನ ಸೀಟಿನ ಮೇಲೇ ಬೀಳುತ್ತದೆ, ಆಮೇಲೆ ನಾನು ನಿಧಾನವಾಗಿ ಬೋಂಡಾ ಕಟ್ಟಿಸಿಕೊಂಡು ಹತ್ತಿದರೂ ಆ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಟವೆಲ್ಲಿಗೆ ನಮ್ಮ ಕಡೆ ಅಷ್ಟು ಮರ್ಯಾದೆಯಿದೆ. ಅದೇ ನಂಬಿಕೆಯಿಂದ ನಾನು ಅಂದು ಬೆಳಗಾಗುತ್ತಲೇ ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸಿ, ತಮ್ಮ ಪುಟ ತೆರೆದು, ಫೋನನ್ನು ದೇವರ ಗೂಡಿನಲ್ಲಿಟ್ಟು, ಅದಕ್ಕೊಂದು ಸೇವಂತಿಗೆ ಮುಡಿಸಿ, ಚಾರ್ಜರಿಗೆ ಹಾಕಿ ಕೂತೆ. ಪುಟ ತೆರೆದಿಟ್ಟರೆ ಟವೆಲ್ ಹಾಕಿದಂತೆಯೇ ಎಂದು ನಾನೂ ತಿಳಿದಿದ್ದೆ, ನಮ್ಮೆಜಮಾನರು ಪ್ರಭುದೇವ್ ಅವರೂ ತಿಳಿದಿದ್ದರು. ಅವರು ಭವನದ ಸಮಿತಿಗೆ ಉಪಾಧ್ಯಕ್ಷರು ಬೇರೆ. ಜಾಗ ಹಿಡಿದಾಯಿತು ಎಂದು ಮನೆಯವರೆಲ್ಲ ನೆಮ್ಮದಿಯಿಂದ ಉಪ್ಪಿಟ್ಟು ತಿಂದೆವು.

ಒಂಬತ್ತಾಯಿತು. ಒತ್ತಿದೆ. ಚಕ್ರ ತಿರುಗಿತು. ನಮ್ಮತ್ತೆ ಕಣ್ಣುಮುಚ್ಚಿ 'ಸಿದ್ದೇಶ್ವರ' ಎಂದರು. ಚಕ್ರ ಇನ್ನೂ ತಿರುಗಿತು. ಚೈತ್ರ ಉಗುರು ಕಚ್ಚಿದಳು, ಅಂಗಡಿಗೆ ಬಂದ ಗಿರಾಕಿಗಳೂ ಒಳಗೆ ಇಣುಕಿ ಚಕ್ರ ನೋಡುತ್ತಾ ನಿಂತರು. ಕೊನೆಗೆ ತಾವು ಕರುಣೆಯಿಟ್ಟು ಬರೆದಿರಿ: "ಸಮಯ ಮೀರಿದೆ, ದಯವಿಟ್ಟು ಮತ್ತೆ ಪ್ರಯತ್ನಿಸಿ." ಮಾನ್ಯರೇ, ನನ್ನ ಜೀವಮಾನದಲ್ಲಿ ನನಗೆ ಸಮಯ ಮೀರಿದೆ ಎಂದು ಹೇಳಿದವರಲ್ಲಿ ತಾವೇ ಮೊದಲಿಗರು. ಮತ್ತೆ ಒತ್ತಿದೆ. ಈ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿರಿ: ಆ ದಿನ ಕಾಯ್ದಿರಿಸಲಾಗಿದೆ.

ಕಾಯ್ದಿರಿಸಿದವರು ಯಾರೆಂದು ನಾವು ತಲೆಕೆಡಿಸಿಕೊಳ್ಳುವ ಮುಂಚೆಯೇ ಅವರ ಫೋನು ಬಂತು. ಶಿರಾದಲ್ಲಿ ನೆಲೆಸಿರುವ ನಮ್ಮೂರಿನವರೇ ಆದ ಚಿಕ್ಕರಂಗಯ್ಯ. "ಕಮಲಕ್ಕಾ, ಆಪ್ ಅಂದ್ರೆ ಹಿಂಗಿರ್ಬೇಕು ಕಣಕ್ಕಾ! ಎದ್ದಿದ್ದೇ ಲೇಟು, ಟೀ ಅಂಗ್ಡಿ ತಾವ ನಿಂತ್ಕಂಡು ಸುಮ್ಕೆ ಒತ್ತಿದೆ, ಏಕ್‌ದಂ ಆಗ್ಬುಡ್ತು!" ಎಂದು ಸಂತೋಷ ಹಂಚಿಕೊಂಡರು. ಈ ಮಹನೀಯರು ಖಾಸಗಿ ಬಸ್ಸುಗಳ ಟೈಂ ಕೀಪರ್ ಆಗಿದ್ದು ನಿವೃತ್ತರಾದವರು. ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿ ಹೊರಡಿಸಿ ಅವರ ಬಳಿ ತಮಗೆಂದು ಹೊತ್ತೇ ಉಳಿದಿರಲಿಲ್ಲವೋ ಏನೋ, ಅವರು ಯಾವ ಮದುವೆಗೂ ಧಾರೆಯ ಹೊತ್ತಿಗೆ ಬಂದವರಲ್ಲ, ಸ್ವಂತ ಮದುವೆಯನ್ನೂ ಸೇರಿಸಿ. ಆ ದಿನ ಅವರು ಭವನ ಹಿಡಿದದ್ದು ತಮ್ಮ ನಿವೃತ್ತಿಯ ಸನ್ಮಾನ ಸಮಾರಂಭಕ್ಕೆ.

ಬೀಗಿತ್ತಿಯ ಫೋನು ಬಂತು, "ಏಮಮ್ಮಾ, ಛತ್ರ ದೊರಿಕಿಂದಾ?" ಎಂದು, ಛತ್ರ ಸಿಕ್ಕಿತೇ ಎಂಬುದನ್ನು ಪಾವಗಡದ ತೆಲುಗಿನಲ್ಲಿ. ನಾನು ಸಿಗ್ನಲ್ ಇಲ್ಲದವಳಂತೆ "ಹಲೋ, ಹಲೋ" ಎಂದು ಇಟ್ಟುಬಿಟ್ಟೆ. ಬೀಗರ ಜೊತೆ ನಾನು ಆಡಿದ ಮೊದಲ ಸುಳ್ಳು ತಮ್ಮ ಹೆಸರಿನಲ್ಲಿ ಆಯಿತು ಎಂಬುದನ್ನು ತಾವು ಗಮನಕ್ಕೆ ತಂದುಕೊಳ್ಳಬೇಕು.

ಅಂಜನ್ ಕುಮಾರ್ ಅವರನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಆಮೇಲೆ ಬೈದೆ. ಆತ ಸ್ವಲ್ಪವೂ ಅಳುಕದೆ, "ಕಮಲಮ್ಮನೋರೆ, ನೀವು ನೋಡ್ತಿದ್ದಿದ್ದು ಬರೀ ಪುಟ. ಗುಂಡಿ ಒತ್ತೋವರ್ಗೂ ಸರ್ವರ್‌ಗೆ ಸುದ್ದೀನೇ ಹೋಗಲ್ಲ. ನೀವು ಒತ್ತಿದ್ಮೇಲೆ ಅದು ಎದ್ದಿದೆ. ಎದ್ದು ರೆಡಿ ಆಗೋಷ್ಟರಲ್ಲಿ ನಿಮ್ ಟೈಂ ಮುಗ್ದೋಯ್ತು, ಹಿಂದ್ಗಡೆ ಬಂದೋರ್‌ಗೆ ತಕ್ಷಣ ಸಿಕ್ತು" ಎಂದು ವಿವರಿಸಿದರು. ಅಂದರೆ ಮಾನ್ಯರೇ, ನಾನು ಬೆಳಗಿನಿಂದ ಕಾದದ್ದು ತಮ್ಮ ಮನೆಯ ಮುಂದಿನ ರಂಗೋಲಿಯನ್ನು ನೋಡುತ್ತಾ. ಬಾಗಿಲು ತಟ್ಟಿ ತಮ್ಮನ್ನು ಎಬ್ಬಿಸಿದ ಪುಣ್ಯ ನನ್ನದು, ಒಳಗೆ ಹೋಗಿ ಕೂತು ಬಿಸಿ ಕಾಫಿ ಕುಡಿದ ಭಾಗ್ಯ ಚಿಕ್ಕರಂಗಯ್ಯನವರದು. ಇಂಥ ನ್ಯಾಯವನ್ನು ಕಂಡುಹಿಡಿದ ತಮ್ಮ ಪ್ರತಿಭೆಗೆ ನಾನು ಕೈಮುಗಿಯುತ್ತೇನೆ. ಸಮಯಕ್ಕೆ ಸರಿಯಾಗಿ ಬಂದು ಬಂದು ಕೆಟ್ಟುಹೋಗಿರುವ ನಮ್ಮಂಥವರಿಗೆ ಬುದ್ಧಿ ಕಲಿಸಲು ಇಷ್ಟು ದಿನ ಯಾರೂ ಮನಸ್ಸು ಮಾಡಿರಲಿಲ್ಲ.

ಆದರೆ ಎದ್ದು ಸಿದ್ಧವಾಗಲು ಅಷ್ಟು ಹೊತ್ತು ಏಕೆ ಎಂದು ಕೇಳಿದ್ದೇ ತಪ್ಪಾಯಿತು. ಅಂಜನ್ ಕುಮಾರ್ ನಮ್ಮೆಜಮಾನರ ಮುಖ ನೋಡಿದರು, ನಮ್ಮೆಜಮಾನರು ಸೂರು ನೋಡಿದರು. ಪ್ರತಿ ಬುಕಿಂಗಿನ ರಸೀದಿಯ ಮೇಲೂ ಸಮಿತಿಯ ಹಾಲಿ ಮತ್ತು ಮಾಜಿ ಪದಾಧಿಕಾರಿಗಳೆಲ್ಲರ ಭಾವಚಿತ್ರಗಳು, ರಸ್ತೆ ಬದಿಯ ಫ್ಲೆಕ್ಸಿಗೆ ಹಾಕುವಂಥವು, ಒಂದಿಷ್ಟೂ ಕುಗ್ಗಿಸದೆ ಇರಬೇಕೆಂದು ಸಮಿತಿಯಲ್ಲಿ ಠರಾವು ಮಾಡಿಸಿದವರು ಇವರೇ ಅಂತೆ. ಹಾಗಾಗಿ ತಾವು ಎದ್ದ ಕೂಡಲೇ, ಹಲ್ಲು ಕೂಡ ಉಜ್ಜದೆ, ಅಷ್ಟೂ ಜನರ ಚಿತ್ರಗಳನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಾಗಿಲಿಗೆ ಬರಬೇಕು. ಅದರಲ್ಲೂ ಎಲ್ಲರಿಗಿಂತ ಭಾರವಾದ ಚಿತ್ರ ನಮ್ಮೆಜಮಾನರದು, ಮೈಸೂರು ಪೇಟ, ಶಾಲು, ಹಿಂದೆ ಸಿದ್ದರಬೆಟ್ಟ, ಬೆಟ್ಟದ ಮೇಲೆ ಉದಯಿಸುವ ಸೂರ್ಯ. ಮನೆಯಲ್ಲಿ ಅವರನ್ನು ಹೊರುವ ಕಷ್ಟ ನನಗೆ ಗೊತ್ತಿರುವುದರಿಂದ, ಈ ಒಂದು ವಿಷಯದಲ್ಲಿ ಮಾತ್ರ ತಮ್ಮ ಮೇಲೆ ನನಗೆ ಮನಃಪೂರ್ವಕ ಸಹಾನುಭೂತಿಯಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ತಾವು ಇರುವುದು ಒಂದು ದೇಶದಲ್ಲಿ, ತಾರೀಖುಗಳ ದಾಸ್ತಾನು ಇರುವುದು ಇನ್ನೊಂದು ದೇಶದಲ್ಲಿ ಎಂದು ಗೊತ್ತಾಯಿತು. ಅಡುಗೆಮನೆ ಪಾವಗಡದಲ್ಲಿ, ಉಗ್ರಾಣ ಶಿರಾದಲ್ಲಿ ಇಟ್ಟುಕೊಂಡಂತೆ. ಹೋಗಲಿ, ಹೋದವರು ಬೇಕಾದ್ದನ್ನೆಲ್ಲ ಒಂದೇ ಸಲ ತರುತ್ತೀರಾ ಎಂದರೆ ಅದೂ ಇಲ್ಲ. ಒಂದನೇ ತಾರೀಖು ಖಾಲಿಯೇ ಎಂದು ಕೇಳಿಕೊಂಡು ವಾಪಸು ಬರುತ್ತೀರಿ, ಆಮೇಲೆ ಎರಡನೇ ತಾರೀಖನ್ನು ಕೇಳಲು ಮತ್ತೆ ಹೋಗುತ್ತೀರಿ. ನನ್ನ ಅಂಗಡಿಗೆ ಬಂದು ಉಪ್ಪು ಕೊಂಡು ಮನೆಗೆ ಹೋಗಿ, ಮತ್ತೆ ಮೆಣಸಿನಕಾಯಿಗೆಂದು ಬಂದು, ಮತ್ತೆ ಹುಣಸೆಹಣ್ಣಿಗೆಂದು ಬರುವ ಗಿರಾಕಿಗಳನ್ನು ನಾನು ಕಂಡಿದ್ದೇನೆ. ಅವರು ಬರುವುದು ಮಾತಾಡಲಿಕ್ಕೆ. ತಮಗೆ ಆ ದೇಶದಲ್ಲಿ ಮಾತಾಡಲು ಯಾರಿದ್ದಾರೋ ತಿಳಿಯದು, ಇದ್ದರೆ ಅವರಿಗೂ ನಮಸ್ಕಾರ ತಿಳಿಸಬೇಕು.

ಅಂಜನ್ ಕುಮಾರ್ ರಿಪೇರಿಗೆ ಇಳಿದರು. ದಾಸ್ತಾನನ್ನು ತಾವಿರುವ ಕಡೆಗೇ ಸಾಗಿಸಿದರು, ಎಲ್ಲ ತಾರೀಖುಗಳನ್ನೂ ಒಂದೇ ಸಲಕ್ಕೆ ಕೇಳುವಂತೆ ಬರೆದರು, ಎರಡೆರಡು ನಿಮಿಷಕ್ಕೆ ತಮ್ಮನ್ನು ಮೆಲ್ಲಗೆ ತಟ್ಟಿ ನಿದ್ದೆ ಹತ್ತದಂತೆ ನೋಡಿಕೊಳ್ಳುವ ಗಡಿಯಾರವೊಂದನ್ನು ಕಟ್ಟಿದರು. ಚಿತ್ರಗಳನ್ನು ಕುಗ್ಗಿಸುವ ಮಾತು ಬಂದಾಗ ಮಾತ್ರ ಸಮಿತಿಯಲ್ಲಿ ಗಲಾಟೆಯಾಯಿತು. ಚಿತ್ರ ಚಿಕ್ಕದಾದರೆ ಮರ್ಯಾದೆ ಚಿಕ್ಕದಾಗುತ್ತದೆ ಎಂದು ಮಾಜಿಗಳು ಹಾಲಿಗಳಿಗಿಂತ ಜೋರಾಗಿ ಕೂಗಿದರು. ಕೊನೆಗೆ ನಾನೇ ಸಭೆಯ ಬಾಗಿಲಿಗೆ ಹೋಗಿ, ಮೊದಲು ನಮ್ಮೆಜಮಾನರ ಚಿತ್ರವನ್ನೇ ಅಂಚೆ ಚೀಟಿಯಷ್ಟು ಮಾಡಿ ಎಂದು ಹೇಳಿದ ಮೇಲೆ ಉಳಿದವರು ಬಾಯಿ ಮುಚ್ಚಿದರು. ಅಂದಿನಿಂದ ತಾವು ಒತ್ತಿದ ಕೂಡಲೇ ಉತ್ತರ ಕೊಡುತ್ತೀರಿ ಎಂದು ಊರೆಲ್ಲ ಹೊಗಳಿತು. ನಾನೂ ಒತ್ತಿ ನೋಡಿದೆ. ಆ ದಿನ ಕಾಯ್ದಿರಿಸಲಾಗಿದೆ ಎಂಬುದನ್ನು ತಾವು ಆಗ ಬಹಳ ಬೇಗ ಹೇಳಿದಿರಿ.

ಇಷ್ಟೆಲ್ಲ ಮಾತು ಮಂಚದ ಮೇಲಿಂದಲೇ ಕೇಳಿಸಿಕೊಂಡಿದ್ದ ನಮ್ಮತ್ತೆ, ತಮ್ಮ ಪರವಾಗಿ ಮಾತಾಡಿದ ಏಕೈಕ ವ್ಯಕ್ತಿ. "ಪಾಪ, ಅದುನ್ನ ಯಾಕ್ ಬೈತೀಯೆ? ನನ್ ಮಂಡಿನೂ ಅಂಗೇ ಅಲ್ವಾ. ಎದ್ದೇಳೋದೇ ಕಷ್ಟ, ಎದ್ಮೇಲೆ ಹೆಂಗೋ ನಡೀತೀನಿ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಆ ಚಿಕ್ಕರಂಗ ಎಷ್ಟೊತ್ತಿಗೆ ಸನ್ಮಾನ ಇಟ್ಕಂಡವ್ನೆ?" ಎಂದು ಕೇಳಿದರು. ಹತ್ತು ಗಂಟೆಗೆ ಎಂದೆ. "ನಮ್ ಮುಹೂರ್ತ?" ಏಳೂವರೆಗೆ ಎಂದೆ. ನಮ್ಮತ್ತೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಭುಜ ಕುಲುಕುತ್ತಿತ್ತು, ನಗುತ್ತಿದ್ದರು.

ನಾನು ಶಿರಾಕ್ಕೆ ಹೋಗಿ ಚಿಕ್ಕರಂಗಯ್ಯನವರನ್ನು ಕಂಡೆ. ಭವನ ಬಿಟ್ಟುಕೊಡಿ ಎಂದು ಕೇಳಲಿಲ್ಲ, ಅವರ ಫ್ಲೆಕ್ಸು ಆಗಲೇ ಅಚ್ಚಾಗಿ ಬಾಗಿಲ ಹಿಂದೆ ನಿಂತಿತ್ತು. ನೀವು ಬರುವ ತನಕ ಮಾತ್ರ ನಮಗೆ ಕೊಡಿ ಎಂದೆ. ಅವರ ಮುಖ ಕೆಂಪಾಯಿತು. "ಅದೇನಕ್ಕಾ ಬರೋಗಂಟ ಅಂದ್ರೆ? ನಾನ್ ಟೈಂ ಕೀಪರ್ ಕಣಕ್ಕಾ! ಹತ್ ಅಂದ್ರೆ ಹತ್ತೇ. ಹತ್ತಕ್ಕೆ ಒಂದ್ ಎಲೆನೂ ಅಲ್ಲಿರ್ಬಾರ್ದು, ತಗಳಿ" ಎಂದು ಮಾತು ಕೊಟ್ಟರು. ಅವರನ್ನು ಹೀಗೆ ಕೆಣಕಿದ್ದು ತಪ್ಪಾಯಿತೇನೋ ಎಂದು ಬರುವಾಗ ಬಸ್ಸಿನಲ್ಲಿ ನನಗೆ ಭಯವಾಯಿತು. ಹಟಕ್ಕೆ ಬಿದ್ದು ಜನ್ಮದಲ್ಲಿ ಒಮ್ಮೆ ಸಮಯಕ್ಕೆ ಬಂದರೆ ಗತಿಯೇನು? ಬೀಗರು ಎಲೆಯ ಮುಂದೆ ಕೂತಿರುವಾಗ ಬ್ಯಾಂಡ್ ಸೆಟ್ಟಿನೊಂದಿಗೆ ಟೈಂ ಕೀಪರ್ ಬಂದು ನಿಂತರೆ ಯಾರ ಮುಖ ನೋಡುವುದು?

ಮದುವೆಯ ಹಿಂದಿನ ಸಂಜೆಯ ಶಾಸ್ತ್ರಗಳನ್ನೆಲ್ಲ ಮನೆಯ ಮುಂದೆ ಚಪ್ಪರ ಹಾಕಿಸಿ ಮುಗಿಸಿದೆವು. ಬೆಳಿಗ್ಗೆ ನಮ್ಮತ್ತೆಯ ಮಂಡಿಗಳಿಗೆ ಬಿಸಿ ಎಣ್ಣೆ ತಿಕ್ಕಿ, ಶಾಖ ಕೊಟ್ಟು, ಇಬ್ಬರು ಹಿಡಿದು ನಿಲ್ಲಿಸಿದೆವು. ಒಮ್ಮೆ ನಿಂತ ಮೇಲೆ ಅವರು ಇಬ್ಬರ ಕೈಯನ್ನೂ ಬಿಡಿಸಿಕೊಂಡು ತಾವೇ ರಸ್ತೆ ದಾಟಿದರು. ಕೊರಟಗೆರೆ ಕಡೆ ಹೊರಟಿದ್ದ ಬಸ್ಸನ್ನು ಡ್ರೈವರ್ ಅವರಿಗಾಗಿ ನಿಲ್ಲಿಸಿಕೊಂಡ. ಏಳೂವರೆಗೆ ಸರಿಯಾಗಿ ಮಾಂಗಲ್ಯಧಾರಣೆಯಾಯಿತು, ಅತ್ತೆ ಒಂದು ಹಿಡಿ ಅಕ್ಷತೆ ಹಾಕಿ ಸಾಲದೆಂದು ಇನ್ನೊಂದು ಹಿಡಿ ಹಾಕಿದರು. ನನಗೆ ಕಣ್ಣು ಮಂಜಾಗಿ ಮದುಮಗ ಯಾರು, ಪುರೋಹಿತರು ಯಾರು ಎಂದು ಗೊತ್ತಾಗಲಿಲ್ಲ. ಆ ಕ್ಷಣದಲ್ಲಿ ತಮ್ಮ ಮೇಲಿನ ಸಿಟ್ಟೂ ಸ್ವಲ್ಪ ಇಳಿಯಿತು.

ಒಂಬತ್ತಕ್ಕೇ ಊಟ ಬಡಿಸಿದೆವು. ಬೆಳಿಗ್ಗೆ ಒಂಬತ್ತಕ್ಕೆ ಹೋಳಿಗೆ ತಿನ್ನಿಸಿದವರು ಎಂದು ಪಾವಗಡ ಸೀಮೆಯಲ್ಲಿ ನಮಗೆ ಶಾಶ್ವತವಾದ ಹೆಸರು ಬಂದಿದೆ, ಅದನ್ನೂ ತಮ್ಮ ಖಾತೆಗೇ ಜಮಾ ಮಾಡಿದ್ದೇನೆ. ಹತ್ತಾಯಿತು, ಚಿಕ್ಕರಂಗಯ್ಯ ಬರಲಿಲ್ಲ. ಹನ್ನೊಂದಾಯಿತು, ಬರಲಿಲ್ಲ. ಎರಡನೇ ಪಂಕ್ತಿ ಎದ್ದು, ಮೂರನೆಯದು ಕೂತು ಎದ್ದು, ಭವನವನ್ನು ಗುಡಿಸಿ ಸಾರಿಸಿ, ಅವರು ಹಿಂದಿನ ದಿನವೇ ಕಳುಹಿಸಿದ್ದ ಫ್ಲೆಕ್ಸನ್ನು ನಾವೇ ಕಟ್ಟಿಸಿ, ಸನ್ಮಾನದ ಕುರ್ಚಿಗೆ ನಾವೇ ಶಾಲು ಹೊದಿಸಿಟ್ಟೆವು. ಒಂದು ಗಂಟೆ ದಾಟಿದ ಮೇಲೆ ಬ್ಯಾಂಡ್ ಸೆಟ್ಟಿನೊಂದಿಗೆ ಅವರು ಬಂದರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನಮ್ಮತ್ತೆ, ಪನ್ನೀರು ಚಿಮುಕಿಸಿ, "ಬಾರಪ್ಪ ಚಿಕ್ಕರಂಗ, ಟೈಮಿಗೆ ಸರ್ಯಾಗಿ ಬಂದ್ಬುಟ್ಟೆ. ಮೊದ್ಲು ಉಣ್ಣು ಬಾ, ನಿನ್ ಎಲೆ ತೆಗ್ದಿಟ್ಟಿವ್ನಿ" ಎಂದರು. ಮೊದಲಿಗೆ ಬಿಗಿದುಕೊಂಡಿದ್ದ ಅವರು ಎರಡನೇ ಹೋಳಿಗೆಯ ಹೊತ್ತಿಗೆ ಸಡಿಲಾದರು. ನಮ್ಮ ಬೀಗರೆಲ್ಲ ಉಳಿದು ಸನ್ಮಾನಕ್ಕೆ ಕೂತದ್ದರಿಂದ ಭವನವೂ ತುಂಬಿತು, ಸಮಯಪಾಲನೆಯ ಬಗ್ಗೆ ಅವರು ಮಾಡಿದ ಭಾಷಣಕ್ಕೆ ಜೋರು ಚಪ್ಪಾಳೆಯೂ ಬಿತ್ತು.

ಆ ಚಪ್ಪಾಳೆಯ ನಡುವೆಯೇ ನನ್ನ ಫೋನಿಗೆ ತಮ್ಮ ಸಂದೇಶ ಬಂತು: ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ ಎಂದು. ಅಂದು ಬೆಳಿಗ್ಗೆ ಪುರೋಹಿತರು ಬಿಸಿಲಿನಲ್ಲಿ ಮದುಮಕ್ಕಳನ್ನು ನಿಲ್ಲಿಸಿ ಅರುಂಧತಿ ನಕ್ಷತ್ರ ತೋರಿಸಿದ್ದರು, ಕಂಡಿತೇ ಎಂದು ಕೇಳಿದಾಗ ಇಬ್ಬರೂ ಕಂಡಿತು ಎಂದಿದ್ದರು. ಅದೇ ನಕ್ಷತ್ರವನ್ನು ತಮಗೂ ಕೊಟ್ಟಿದ್ದೇನೆ. ಪರದೆಯ ಮೇಲೆ ಕಾಣದಿದ್ದರೆ, ತಾವು ಇದ್ದೀರಿ ಎಂದು ನಾವು ನಂಬಿಲ್ಲವೇ, ಹಾಗೆಯೇ ನಂಬಿಕೊಳ್ಳಬೇಕು.

ಕೊನೆಯದಾಗಿ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ತಾವು ಮಲಗುವ ಹೊತ್ತನ್ನು ಮುಂಚಿತವಾಗಿ ಪಂಚಾಂಗದವರಿಗೆ ತಿಳಿಸಿದರೆ ರಾಹುಕಾಲದ ಪಕ್ಕದಲ್ಲೇ ಅಚ್ಚು ಹಾಕಿಸಬಹುದು. ಅದಾಗದಿದ್ದರೆ ಮಲಗಿದಾಗ ಸ್ವಲ್ಪ ಗೊರಕೆಯನ್ನಾದರೂ ಹೊಡೆಯಬೇಕು, ನಮಗೆ ಗೊತ್ತಾಗುತ್ತದೆ. ಮತ್ತು ಮುಂದೆ ಯಾರಾದರೂ ಹೆಂಗಸು ಬೆಳಗಿನಿಂದ ಪುಟ ತೆರೆದು, ಹೂವು ಮುಡಿಸಿ ಕಾದಿದ್ದರೆ, ಅದನ್ನು ಟವೆಲ್ ಎಂದೇ ತಿಳಿದು ಆ ಸೀಟನ್ನು ಅವಳಿಗೇ ಬಿಡಬೇಕು. ಇಷ್ಟನ್ನು ನಮ್ಮ ಬಸ್ ಕಂಡಕ್ಟರುಗಳೂ ಮಾಡುತ್ತಾರೆ.

ತಾವು ಎಚ್ಚರವಾಗಿರುವಷ್ಟು ಹೊತ್ತು ಮಾತ್ರ
ತಮ್ಮ ವಿಶ್ವಾಸಿ,
ಕಮಲಾಕ್ಷಮ್ಮ
ಹೊಳವನಹಳ್ಳಿ

ಮರೆತ ಮಾತು: ತಮ್ಮನ್ನು ತಟ್ಟುವ ಆ ಗಡಿಯಾರವನ್ನು ಖರ್ಚು ಜಾಸ್ತಿ ಎಂದು ಸಮಿತಿಯವರು ನಿನ್ನೆ ಬಿಚ್ಚಿಸಿದ್ದಾರೆ, ಚಿತ್ರಗಳನ್ನು ಮತ್ತೆ ದೊಡ್ಡದು ಮಾಡಿಸಿದ್ದಾರೆ. ಹಾಗಾಗಿ ಚೈತ್ರಳ ಮಗುವಿನ ನಾಮಕರಣಕ್ಕೆ ನಾನು ಇವತ್ತೇ ಗುಂಡಿ ಒತ್ತಿದ್ದೇನೆ, ಚಕ್ರ ತಿರುಗುತ್ತಿದೆ. ಮಗುವಿನ ಸುದ್ದಿ ಇನ್ನೂ ಏನೂ ಇಲ್ಲ, ಚೈತ್ರ ನನ್ನ ಮೇಲೆ ಸಿಟ್ಟಾಗಿ ಫೋನು ಇಟ್ಟಿದ್ದಾಳೆ. ನಮ್ಮತ್ತೆ ಮಾತ್ರ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಇರ್ಲಿ ಬುಡು, ಅದು ಎದ್ದೇಳೋಷ್ಟ್ರಲ್ಲಿ ಮಗ ಹುಟ್ಟೇ ಇರ್ತದೆ" ಎಂದು ಕಾಯುತ್ತಾ ಕೂತಿದ್ದಾರೆ.